ಏಳು ಗಂಟಿನ ದಾರ

ರಾಕ್ಷಸನಾಮ ಸಂವತ್ಸರ ಎಂದು ಯುಗಾದಿಯ ದಿನ ಪಂಚಾಂಗ ಓದಿದಾಗಲೇ ನಾನು ಎಚ್ಚರಾಗಬೇಕಿತ್ತು. ಆಗಲಿಲ್ಲ. ಆ ವರ್ಷದ ಕಾರ್ತೀಕದ ಕೊನೆಗೆ, ಅಮಾವಾಸ್ಯೆಗೆ ಇನ್ನೊಂದೇ ದಿನ ಉಳಿದಾಗ, ಶಿರೋಳ ಇನ್ನೇನು ಒಂದು ಕೂಗಳತೆ ದೂರ ಇದೆ ಎನ್ನುವಲ್ಲಿ ನನ್ನ ಬಂಡಿಯ ಎಡಗಾಲಿ ಕುಸಿದು ಕೂತಿತು. ಗಾಲಿಯ ಸುತ್ತಿನ ಕಬ್ಬಿಣದ ಹಳಿ ಕಳಚಿಕೊಂಡು ತಾನೊಂದೇ ಉರುಳುತ್ತ ಹೋಗಿ ಕಡಲೆ ಹೊಲದಲ್ಲಿ ಬಿತ್ತು. ನಾಯಿ ಲಾಳಿ ಅದನ್ನು ಬೆನ್ನಟ್ಟಿಕೊಂಡು ಹೋಗಿ, ಸುತ್ತಲೂ ಎರಡು ಸಲ ಮೂಸಿ, ನನ್ನ ಮುಖ ನೋಡಿ ಬೊಗಳಿತು. ಬಯ್ಯುವುದಕ್ಕೆ ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ. ನಾಯಿಗೇ ಬೈದೆ.

ನಾನು ಗಜೇಂದ್ರಗಡದ ನೇಕಾರ ಪರಪ್ಪ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ಹೇಳುತ್ತದೆ, ಹೇಳಲಿ. ಹೆಂಡತಿ ಹೋದಮೇಲೆ ಎರಡು ಹೆಣ್ಣುಮಕ್ಕಳನ್ನು ಮಗ್ಗದ ಕುಣಿಯ ಪಕ್ಕದಲ್ಲೇ ಆಡಿಸಿ ಬೆಳೆಸಿದವನು ನಾನು. ಮನೆಯಲ್ಲಿ ನನ್ನ ಅಕ್ಕ ಸಾವಕ್ಕ ಇದ್ದಳು, ರೊಟ್ಟಿ ಬಡಿದಳು, ತಲೆ ಬಾಚಿದಳು. ಲೆಕ್ಕಾಚಾರ ಮಾತ್ರ ಎಲ್ಲ ನನ್ನದು. ಹಿರಿಯವಳು ತಿಪ್ಪವ್ವ, ಕಿರಿಯವಳು ಮಾಯವ್ವ. ಹಿರಿಯವಳನ್ನು ರೋಣಕ್ಕೆ ಕೊಟ್ಟಿದ್ದೆ, ನೂಲಿಗೆ ಬಣ್ಣ ಹಾಕುವ ಹನಮಂತಪ್ಪನ ಮನೆಗೆ ಸೊಸೆಯಾಗಿ. ಕಿರಿಯವಳನ್ನು ಕೊಣ್ಣೂರಿಗೆ ಕೊಟ್ಟೆ. ಈಗ ಆ ಮಾಯವ್ವನನ್ನು ಚೊಚ್ಚಲ ಹೆರಿಗೆಗೆ ಕರೆತರಲು ಹೊರಟಿದ್ದೆ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅದಕ್ಕೊಂದು ರೀತಿ ಇದೆ. ಏಳು ನಡೆಯುವಾಗ ಕರೆತರಬೇಕು, ಅದು ತಪ್ಪಿದರೆ ಒಂಬತ್ತಕ್ಕೆ ಬಿದ್ದಮೇಲೆ. ನಡುವಿನ ಎಂಟನೆಯ ತಿಂಗಳಲ್ಲಿ ಬಸುರಿ ಊರ ಗಡಿ ದಾಟಬಾರದು, ಯಾವ ಬೀಗರೂ ಕಳಿಸುವುದಿಲ್ಲ. ನನ್ನ ಲೆಕ್ಕದ ಪ್ರಕಾರ ಮಾಯವ್ವನಿಗೆ ಆ ಅಮಾವಾಸ್ಯೆಗೆ ಏಳು ಮುಗಿಯುತ್ತಿತ್ತು. ಹಾಗಾದರೆ ಒಂಬತ್ತಕ್ಕೆ ಹೋದರಾಯಿತು, ಇಷ್ಟೇಕೆ ಒದ್ದಾಟ ಎನ್ನುತ್ತೀರಿ. ಮೂರು ವರ್ಷದ ಹಿಂದೆ ತಿಪ್ಪವ್ವನ ವಿಷಯದಲ್ಲಿ ನಾನೂ ಹಾಗೆಯೇ ಅಂದುಕೊಂಡಿದ್ದೆ. ಮಗ್ಗದ ಮೇಲೆ ಒಂದು ಮದುವೆಯ ಸೀರೆ ಇತ್ತು, ಏಳು ತಪ್ಪಿಸಿದೆ. ಎಂಟು ನಡೆಯುತ್ತಿರುವಾಗಲೇ ರೋಣದಿಂದ ಆಳು ಓಡಿಬಂದ. ನಾನು ಹೋಗಿ ಮುಟ್ಟುವಷ್ಟರಲ್ಲಿ ಅವಳನ್ನು ಅಂಗಳದಲ್ಲಿ ಮಲಗಿಸಿದ್ದರು. ಕೂಸು ಮಾತ್ರ ಉಳಿದಿತ್ತು.

ಅಂದು ನಾನು ಹನಮಂತಪ್ಪನ ಮನೆ ಮುಂದೆ, ಕೂಡಿದ ಜನರ ಎದುರಿಗೆ, ಏನೇನು ಅನ್ನಬಾರದೋ ಅದನ್ನೆಲ್ಲ ಅಂದೆ. ಎಂಟು ತಿಂಗಳ ಬಸುರಿಯನ್ನು ಗಾಣದ ಎತ್ತಿನ ಹಾಗೆ ದುಡಿಸಿ ಕೊಂದಿರಿ, ದಿನ ತುಂಬುವ ಮೊದಲೇ ಹಡೆಯುವಂತೆ ಮಾಡಿದಿರಿ ಎಂದೆ. ಹನಮಂತಪ್ಪ ಒಂದೇ ಒಂದು ಮಾತು ಹೇಳಿದ, ಕೂಸು ಪೂರಾ ತುಂಬಿದೆ, ತಲೆತುಂಬ ಕೂದಲಿದೆ, ಒಳಗೆ ಬಂದು ಒಮ್ಮೆ ನೋಡಿರಿ ಎಂದು. ಸುಳ್ಳ ಎಂದು ಬೈದು, ಕೂಸಿನ ಮುಖ ಸಹ ನೋಡದೆ ಬಂದೆ. ಅಂದಿನಿಂದ ರೋಣದ ನೀರು ನನಗೆ ವಿಷವಾಯಿತು.

ಆದ್ದರಿಂದ ಮಾಯವ್ವನ ವಿಷಯದಲ್ಲಿ ಒಂದು ದಿನವೂ ತಪ್ಪಬಾರದೆಂದು ಕೆಂಪು ರೇಷ್ಮೆಯ ಒಂದು ಎಳೆ ತೆಗೆದು ಮಗ್ಗದ ಗೂಟಕ್ಕೆ ಕಟ್ಟಿದೆ. ಅಮಾವಾಸ್ಯೆಗೆ ನಾವು ಮಗ್ಗ ನಿಲ್ಲಿಸುತ್ತೇವೆ. ಅಂದು ಮಗ್ಗದ ಲಾಳಿ ಎಸೆಯುವ ಕೈಗೆ ಬೇರೆ ಕೆಲಸವಿಲ್ಲ, ಪ್ರತಿ ಅಮಾವಾಸ್ಯೆಗೂ ಆ ಎಳೆಗೆ ಒಂದು ಗಂಟು. ವೈಶಾಖದ್ದೊಂದು, ಜ್ಯೇಷ್ಠದ್ದೊಂದು. ಆಮೇಲೆ ಆ ವರ್ಷ ಆಷಾಢ ಎರಡು ಬಂದವು, ಮೊದಲನೆಯದು ಅಧಿಕ. ಆ ಅಮಾವಾಸ್ಯೆಗೆ ಗಂಟು ಹಾಕಲಿಲ್ಲವಲ್ಲ ಎಂದು ಸಾವಕ್ಕ ಕೇಳಿದ್ದಳು. ಅಧಿಕದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಹೊಸ ಮಗ್ಗ ಹೂಡುವಂತಿಲ್ಲ, ಅದಕ್ಕೆ ತನ್ನದೊಂದು ಹೆಸರೂ ಇಲ್ಲ, ಅದೆಂಥ ತಿಂಗಳು ಎಂದು ನಾನು ಗದರಿದೆ. ಅವಳು ಇಪ್ಪತ್ತರ ಮುಂದೆ ಎಣಿಸಲಾರಳು, ನನಗೆ ಹೇಳಿಕೊಡಲು ಬಂದಳೆಂದು ಸಿಟ್ಟು ಬಂತು. ಅವಳು ಸುಮ್ಮನಾದಳು. ನಮ್ಮ ಮನೆಯಲ್ಲಿ ಎಲ್ಲರೂ ಬೇಗ ಸುಮ್ಮನಾಗುತ್ತಿದ್ದರು.

ಬಂಡಿ ನಮ್ಮೂರ ಸಾಹುಕಾರ ಗುರುಸಂಗಪ್ಪನವರದು, ಎತ್ತುಗಳೂ ಅವರವೇ. ಎರಡು ದಿನ ಹೋಗಲು, ಎರಡು ದಿನ ಬರಲು ಎಂದು ಬೇಡಿಕೊಂಡು ತಂದಿದ್ದೆ. ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ಹಸಿರು ಸೀರೆ, ಬಳೆ, ಬುತ್ತಿಯ ಗಂಟು ಎಲ್ಲ ಇಟ್ಟುಕೊಂಡು ಹೊರಟರೆ ಲಾಳಿ ಹಿಂದೆ ಬಂತು. ಮಾಯವ್ವ ಸಾಕಿದ ನಾಯಿ ಅದು. ಮಗ್ಗದ ಲಾಳಿಯ ಹಾಗೆ ಒಳಗೂ ಹೊರಗೂ ಒಂದೇ ಸಮನೆ ಓಡಾಡುತ್ತದೆಂದು ಅವಳೇ ಲಾಳಿ ಎಂದು ಹೆಸರಿಟ್ಟಿದ್ದಳು. ಕಲ್ಲು ಹೊಡೆದೆ, ಹೋಗಲಿಲ್ಲ. ಬಂಡಿಯ ಕೆಳಗೆ, ಅಚ್ಚಿನ ನೆರಳಿನಲ್ಲಿ ಸೇರಿಕೊಂಡು ನಡೆಯಿತು. ಕೀಲೆಣ್ಣೆ ತೊಟ್ಟಿಕ್ಕಿ ಅದರ ಬೆನ್ನ ಮೇಲೆ ಕರಿಯ ಗೆರೆ ಬಿದ್ದಿತು. ಬಂಡಿ ಕೆಳಗಿನ ನಾಯಿ ತಾನೇ ಬಂಡಿ ಎಳೆಯುತ್ತೇನೆ ಎಂದುಕೊಳ್ಳುತ್ತದಂತೆ. ಇದು ಹಾಗೆಯೇ ತಲೆ ಎತ್ತಿಕೊಂಡು ನಡೆಯುತ್ತಿತ್ತು.

ಗಾಲಿ ರೋಣದ ಹತ್ತಿರವೇ ಕಿರುಗುಟ್ಟಲು ಶುರುಮಾಡಿತ್ತು. ನಾನು ನೇಕಾರ, ಮಗ್ಗದ ಸದ್ದು ತಪ್ಪಿದರೆ ನಿದ್ದೆಯಲ್ಲೂ ತಿಳಿಯುತ್ತದೆ, ಬಂಡಿಯ ಸದ್ದು ನನಗೇನು ಗೊತ್ತು. ಇನ್ನಷ್ಟು ಎಣ್ಣೆ ಸುರಿದೆ. ಊರ ಬಾವಿಯ ಹತ್ತಿರ ಎತ್ತಿಗೆ ನೀರು ಕುಡಿಸುತ್ತಿದ್ದವನೊಬ್ಬ ಗಾಲಿಯನ್ನು ಕಾಲಿನಿಂದ ಒತ್ತಿ ನೋಡಿ, ಕಟ್ಟಿಗೆ ಒಣಗಿ ಹಳಿ ಸಡಿಲಾಗಿದೆ, ಈ ಒಂದು ರಾತ್ರಿ ಗಾಲಿ ಬಿಚ್ಚಿ ಕೆರೆಯಲ್ಲಿ ನೆನೆ ಹಾಕು, ಕಟ್ಟಿಗೆ ಉಬ್ಬಿ ತಾನೇ ಹಿಡಿದುಕೊಳ್ಳುತ್ತದೆ ಎಂದ. ಒಂದು ರಾತ್ರಿ, ರೋಣದಲ್ಲಿ! ಹನಮಂತಪ್ಪ ಹಾಯುವ ಊರಿನಲ್ಲಿ! ಆಗದು ಎಂದು ಬಾರುಕೋಲು ಎತ್ತಿದೆ. ಅಷ್ಟರಲ್ಲಿ ಲಾಳಿ ಬಂಡಿ ಬಿಟ್ಟು ಹೊರಬಂದು, ಹನಮಂತಪ್ಪನ ಓಣಿಯ ತಿರುವಿನಲ್ಲಿ ನಿಂತು ಬಾಲ ಅಲ್ಲಾಡಿಸಿತು. ತಿಪ್ಪವ್ವನನ್ನು ಕಳಿಸಿಕೊಡುವಾಗ ಅದು ಮರಿ, ಆ ಓಣಿಯಲ್ಲಿ ನಾಲ್ಕು ದಿನ ಇದ್ದದ್ದು ಅದಕ್ಕೆ ನೆನಪಿತ್ತು. ಒಂದು ಮಣ್ಣಿನ ಹೆಂಟೆ ತೆಗೆದು ಬೀಸಿದೆ. ಕುಂಯ್ ಎಂದು ಮತ್ತೆ ಬಂಡಿಯ ಕೆಳಗೆ ಬಂತು.

ಅಲ್ಲಿ ನಿಲ್ಲದ್ದಕ್ಕೆ ಇಲ್ಲಿ ಶಿರೋಳದಲ್ಲಿ ಕೂತೆ. ಕೊಣ್ಣೂರು ಅಲ್ಲಿಂದ ಎರಡೋ ಮೂರೋ ಹರಿದಾರಿ. ಅಂದೇ ಮುಟ್ಟಿ, ಅಮಾವಾಸ್ಯೆ ಹತ್ತುವ ಮೊದಲೇ ಮಗಳನ್ನು ಊರ ಗಡಿ ದಾಟಿಸಬೇಕೆಂದಿದ್ದೆ.

ಹೊಲದಲ್ಲಿದ್ದ ನಾಲ್ಕು ಜನ ಸೇರಿ ಬಂಡಿಯನ್ನು ಬಡಿಗೇರ ದ್ಯಾಮಪ್ಪನ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ತಂದು ನಿಲ್ಲಿಸಿದರು. ದ್ಯಾಮಪ್ಪ ಎಲೆಯಡಿಕೆ ಹಾಕಿಕೊಂಡು ಹೊರಬಂದ. ಗಾಲಿಯನ್ನು ನೋಡಿದ. ಗಾಲಿಯ ಸುತ್ತ ಒಮ್ಮೆ ನಡೆದ. ಕುಕ್ಕರುಗಾಲಿನಲ್ಲಿ ಕೂತ. ಎಲೆ ಉಗುಳಿದ. ಅಷ್ಟಕ್ಕೇ ನನ್ನ ಅರ್ಧ ಜೀವ ಹೋಗಿತ್ತು. ಗಾಲಿಯ ಹೊರಸುತ್ತಿನ ಕಟ್ಟಿಗೆಯಲ್ಲಿ ಎರಡು ತುಂಡು ಸೀಳಿವೆ, ಎರಡು ಅರ ಮುರಿದಿವೆ, ಒಣ ಜಾಲಿಯ ಕಟ್ಟಿಗೆ ತನ್ನ ಹತ್ತಿರ ಇದೆ, ಕೂಡಿಸಿಕೊಡುತ್ತೇನೆ ಎಂದ. ಒಂದು ರಾತ್ರಿ ನೀರಿನಲ್ಲಿ ನೆನೆ ಹಾಕಿದ್ದರೆ ಇದೇನೂ ಆಗುತ್ತಿರಲಿಲ್ಲ ಎಂಬುದನ್ನೂ ಸೇರಿಸಿದ. ಅದನ್ನು ಹೇಳು ಎಂದು ನಾನೇನೂ ಕೇಳಿರಲಿಲ್ಲ.

ಕೆಲಸ ಅವನಿಗೆ ಬರುತ್ತಿತ್ತು, ಅದು ಖರೆ. ಆದರೆ ಅವಸರ ಎಂಬುದು ಆ ಮನುಷ್ಯನ ಮೈಯಲ್ಲಿ ಹುಟ್ಟಲೇ ಇಲ್ಲ. ಬಾಚಿಯಿಂದ ಎರಡು ಏಟು ಹಾಕುವುದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುವುದು, ಮತ್ತೆ ಒಂದೇ ಏಟು. ನಾನು ಬೇವಿನ ಗಿಡದಿಂದ ಬಾವಿಗೆ, ಬಾವಿಯಿಂದ ಗಿಡಕ್ಕೆ ನಡೆದೆ. ಕೂತರೆ ಕಾಲು ತಾವೇ ಮಗ್ಗದ ಮೆಟ್ಟು ಹುಡುಕುತ್ತಿದ್ದವು. ನನ್ನ ಹಿಂದೆ ಲಾಳಿ, ಗಿಡದಿಂದ ಬಾವಿಗೆ, ಬಾವಿಯಿಂದ ಗಿಡಕ್ಕೆ. ಊರಿನ ಹೆಂಗಸರು ಕೊಡ ಇಳಿಸಿ ನಮ್ಮಿಬ್ಬರನ್ನೂ ನೋಡಿ ನಕ್ಕರು. ಸ್ವಲ್ಪ ಲಗೂ ಮಾಡಪ್ಪ ಎಂದು ಐದಾರು ಸಲವಾದರೂ ಹೇಳಿರಬೇಕು. ತಾಳಿದವನು ಬಾಳಿಯಾನು ಎಂದ ಅವನು. ತಾಳಿ ತಾಳಿಯೇ ಒಬ್ಬ ಮಗಳನ್ನು ಮಣ್ಣು ಮಾಡಿದ್ದೇನೆ ಎಂದೆ. ಅವನು ಬಾಚಿ ಕೆಳಗಿಟ್ಟು ನನ್ನ ಕಡೆ ನೋಡಿದ. ಆಮೇಲೆ ಹೊತ್ತು ಮುಳುಗುವ ತನಕ ಎಲೆ ಕೂಡ ಹಾಕದೆ ಕೆಲಸ ಮಾಡಿದ.

ಹೊತ್ತು ಮುಳುಗುವಷ್ಟರಲ್ಲಿ ಕಟ್ಟಿಗೆಯ ಕೆಲಸ ಮುಗಿದಿತ್ತು. ಹಳಿ ಏರಿಸುವುದು ಉಳಿದಿತ್ತು. ಸಗಣಿ ಕುಳ್ಳಿನ ಬೆಂಕಿಯಲ್ಲಿ ಹಳಿಯನ್ನು ಕೆಂಪಗೆ ಕಾಯಿಸಿ, ಇಕ್ಕಳದಿಂದ ಹಿಡಿದು ಗಾಲಿಗೆ ಕೂಡಿಸಿ, ಮೇಲೆ ನೀರು ಹೊಯ್ಯಬೇಕು. ಬೆಳಿಗ್ಗೆ ಬೇಗ ಎದ್ದು ಮಾಡಿಬಿಡೋಣ ಎಂದೆ.

"ನಾಳಿ ಅಮಾಸಿರಿ," ಎಂದ ದ್ಯಾಮಪ್ಪ. "ಕುಲುಮಿ ಹೊತ್ತಸಂಗಿಲ್ಲ, ಬಾಚಿ ಮುಟ್ಟಂಗಿಲ್ಲ. ನಾಡದು ಬೆಳಿಗ್ಗೆ ಹಳಿ ಏರಸ್ತೀನಿ, ಆಮ್ಯಾಲ ಕಾಶಿಗೆ ಬೇಕಾದ್ರ ಹೋಗ್ರಿ."

ನಾನೂ ಅಮಾವಾಸ್ಯೆಗೆ ಮಗ್ಗ ನಿಲ್ಲಿಸುವವನೇ. ಅವನ ಅಮಾವಾಸ್ಯೆಯನ್ನು ಮುರಿಯೆಂದು ಯಾವ ಬಾಯಿಂದ ಹೇಳಲಿ? ಆದರೂ ಹೇಳಿದೆ. ಕೈ ಮುಗಿದೆ, ಕೂಗಾಡಿದೆ. ಅವನು ಬಾಚಿ, ಉಳಿ, ಕೊಡತಿ ಎಲ್ಲವನ್ನೂ ತೊಳೆದು ಜಗುಲಿಯ ಮೇಲೆ ಸಾಲಾಗಿ ಇಟ್ಟು ಒಳಗೆ ಹೋದ. ಬೇರೆ ಬಂಡಿ ಸಿಕ್ಕೀತೇ ಎಂದು ಊರೆಲ್ಲ ತಿರುಗಿದೆ. ಶಿರೋಳದಲ್ಲಿ ಬಂಡಿಗಳಿಗೇನು ಬರ. ಆದರೆ ಅಮಾವಾಸ್ಯೆಗೆ ಎತ್ತಿನ ಹೆಗಲಿಗೆ ನೊಗ ಇಡುವವನು ಒಬ್ಬನೂ ಇರಲಿಲ್ಲ. ಬರುವ ಮಂಗಳವಾರ ಬೇಕಾದರೆ ಬರುತ್ತೇನೆ ಎಂದ ಒಬ್ಬ ಪುಣ್ಯಾತ್ಮ.

ಆ ರಾತ್ರಿ ಬಂಡಿಯಲ್ಲಿ ಮಲಗಿದೆ, ನಿದ್ದೆ ಎಲ್ಲಿಯದು. ಬೆಳಗಾಗುತ್ತಲೇ ಬುತ್ತಿ ಕಟ್ಟಿಕೊಂಡು ಕೊಣ್ಣೂರಿನ ದಾರಿ ಹಿಡಿದು ನಡೆದುಬಿಟ್ಟೆ. ಲಾಳಿಗೆ ಆನಂದವೋ ಆನಂದ, ಮುಂದೆ ಮುಂದೆ ಓಡಿ, ತಿರುಗಿ ನನ್ನ ತನಕ ಬಂದು, ಮತ್ತೆ ಓಡಿತು. ಜೋಳದ ಹೊಲಗಳ ನಡುವೆ ಒಂದು ಹರಿದಾರಿ ನಡೆದಿರಬೇಕು. ಒಂದು ಹಳ್ಳ ಅಡ್ಡ ಬಂತು. ಕಾಲು ತೊಳೆಯಲೆಂದು ನಿಂತೆ, ಅಲ್ಲೇ ಬುದ್ಧಿ ಬಂತು. ಬರಿಗೈಯಲ್ಲಿ ನಡೆದುಹೋಗಿ ಮಾಡುವುದೇನು? ತುಂಬಿದ ಬಸುರಿಯನ್ನು ನಡೆಸಿಕೊಂಡು ಬರಲಿಕ್ಕಾಗುತ್ತದೆಯೇ? ಬೀಗರು ನೇಕಾರರು, ಅವರಿಗೂ ಬಂಡಿ ಇಲ್ಲ. ಇತ್ತ ಮಂದಿಯ ಎತ್ತುಗಳನ್ನು ಪರವೂರಿನಲ್ಲಿ ಕಟ್ಟಿ ಬಂದಿದ್ದೆ. ಹಳ್ಳದ ದಂಡೆಯಲ್ಲಿ ಕೂತು ಅತ್ತುಬಿಟ್ಟೆ. ಲಾಳಿ ಆಚೆ ದಡದಲ್ಲಿ ನಿಂತು ಕರೆಯಿತು, ಈಚೆ ಬಂತು, ಮತ್ತೆ ಆಚೆ ಹೋಯಿತು. ಕೊನೆಗೆ ಬಾಲ ಇಳಿಬಿಟ್ಟು ನನ್ನ ಹಿಂದೆ ಶಿರೋಳಕ್ಕೆ ಮರಳಿತು.

ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಕೂತಿದ್ದೆ. ದ್ಯಾಮಪ್ಪನ ಮನೆಯ ಮಗ್ಗುಲಲ್ಲಿ ಮಾಸುಮಬಿಯ ಮನೆ, ಆ ಊರಿನ ಸೂಲಗಿತ್ತಿ. ತಲೆಯೆಲ್ಲ ಬೆಳ್ಳಗಾದ ಮುದುಕಿ. ನಾಯಿಗೆ ಒಂದು ತುಂಡು ರೊಟ್ಟಿ ತಂದು ಹಾಕಿದಳು, ನನಗೊಂದು ತಂಬಿಗೆ ಮಜ್ಜಿಗೆ ಇಟ್ಟಳು. ನಾನು ಮುಟ್ಟಲಿಲ್ಲ. ಕೈಯಲ್ಲಿ ಆ ಕೆಂಪು ಎಳೆ ಇತ್ತು, ಊರಿನಿಂದ ಬರುವಾಗ ಗೂಟದಿಂದ ಬಿಚ್ಚಿ ತಂದಿದ್ದೆ. ಬೆರಳುಗಳು ಆ ಗಂಟುಗಳ ಮೇಲೆ ಹೋಗುತ್ತಿದ್ದವು, ಬರುತ್ತಿದ್ದವು.

"ತಮ್ಮಾ, ನಿನ್ನಿಯಿಂದ ನೋಡಾಕತ್ತೀನಿ, ಆ ದಾರಾನ ತಿಕ್ಕತಿ," ಎಂದಳು. "ಹರಕಿ ದಾರೇನು?"

ಅಲ್ಲ ಎಂದು ಸಿಡುಕಿದೆ. ಅವಳು ಹೋಗಲಿಲ್ಲ, ಎದುರಿಗೇ ಕೂತಳು. ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಏಳನೆಯ ಗಂಟು ಇವತ್ತು ಹಾಕಬೇಕು, ಇವತ್ತಿಗೆ ಏಳು ಮುಗಿಯಿತು, ನಾಳೆಯಿಂದ ಎಂಟು, ನಾಳೆ ನಾನು ಹೋದರೂ ಅವರು ಕಳಿಸುವುದಿಲ್ಲ, ಎಂಟರಲ್ಲೇ ನನ್ನ ಹಿರಿಯ ಮಗಳು ಸತ್ತಳು ಎಂದೆ. ಮಾಸುಮಬಿ ಕಿರಿಯವಳು ಕಡೆಯ ಸಲ ಹೊರಗೆ ಕೂತದ್ದು ಯಾವಾಗ ಎಂದು ಕೇಳಿದಳು. ಚೈತ್ರದ ದವನದ ಹುಣ್ಣಿಮೆ ಕಳೆದಮೇಲೆ ಎಂದು ಪಂಚಮಿಗೆ ಬಂದಾಗ ಅವಳು ಸಾವಕ್ಕನಿಗೆ ಹೇಳಿದ್ದಳು, ಅದನ್ನೇ ಹೇಳಿದೆ. ಮುದುಕಿ ಹೆಬ್ಬೆರಳಿನಿಂದ ಬೆರಳಿನ ಗೆಣ್ಣು ಮುಟ್ಟುತ್ತ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಇವತ್ತಿಗೆ ಎಂಟು ಮುಗೀತು," ಎಂದಳು.

ಏಳು ಎಂದೆ. ಎಂಟು ಎಂದಳು. ದಾರ ಅವಳ ಮುಖಕ್ಕೆ ಹಿಡಿದೆ. ನಡುವೆ ಒಂದು ಬಿಟ್ಟಿದ್ದೀಯಲ್ಲ ಎಂದಳು. ಅದು ಅಧಿಕ, ಲೆಕ್ಕಕ್ಕೆ ಬರುವುದಿಲ್ಲ, ನಿನಗೆ ನಮ್ಮ ಪಂಚಾಂಗ ಗೊತ್ತಿಲ್ಲ ಎಂದು ನಾನು ಜೋರು ಮಾಡಿದೆ. ನನ್ನ ಜೋರಿಗೆ ಸುಮ್ಮನಾಗದ ಹೆಂಗಸನ್ನು ಅಂದೇ ಕಂಡದ್ದು.

"ಅಧಿಕ ಪಂಚಾಂಗದಾಗ ಬರತೈತಿ ತಮ್ಮಾ, ಬಸರಿ ಹೊಟ್ಟ್ಯಾಗ ಬರಂಗಿಲ್ಲ. ಚಂದಪ್ಪ ಎಷ್ಟು ಸಲ ಹುಟ್ಟಿದಾ ಅಷ್ಟು ತಿಂಗಳು. ನಮ್ಮೊಳಗ ಅಧಿಕ ಅನ್ನೂದ ಇಲ್ಲ. ಹಂಗಂತ ನಮ್ಮ ಹೆಣ್ಣಮಕ್ಕಳು ಒಂದು ತಿಂಗಳು ಮೊದಲ ಹಡೀತಾರೇನು?"

ಅವಳು ಮೆಲ್ಲಗೆ ಬಿಡಿಸಿ ಹೇಳಿದಳು. ಇಷ್ಟು ದಿನ ನಡೆದದ್ದೇ ಎಂಟು, ನಿನ್ನೆ ನಿನ್ನ ಬಂಡಿ ನೆಟ್ಟಗೆ ಕೊಣ್ಣೂರು ಮುಟ್ಟಿದ್ದರೆ ಬೀಗಿತಿ ಬಾಗಿಲಿನಿಂದಲೇ ತಿರುಗಿ ಕಳಿಸುತ್ತಿದ್ದಳು, ನಾಳೆಯಿಂದ ಒಂಬತ್ತು, ನಾಳೆ ನೀನು ಹೋದರೆ ಸಂತೋಷದಿಂದ ಕಳಿಸುತ್ತಾಳೆ, ನಿನ್ನ ಗಾಲಿ ಒಳ್ಳೆಯ ಊರಿನಲ್ಲೇ ಮುರಿದಿದೆ ಎಂದಳು. ನಗುತ್ತ ತಂಬಿಗೆಯನ್ನು ನನ್ನ ಕಡೆ ಸರಿಸಿ ಎದ್ದು ಹೋದಳು.

ಮಜ್ಜಿಗೆ ಕುಡಿದೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎತ್ತಿಗೆ ಕಣಿಕೆ ಹಾಕಿದೆ, ಲಾಳಿಯ ಬೆನ್ನಿನ ಎಣ್ಣೆ ಒರೆಸಲು ನೋಡಿದೆ, ಅದು ಹೋಗಲಿಲ್ಲ. ಗಂಟು ಹಾಕೋಣ ಎಂದು ದಾರ ತೆಗೆದೆ. ಅಮಾವಾಸ್ಯೆಯದು ಹಾಕಿದೆ, ಏಳಾಯಿತು. ಬಿಟ್ಟದ್ದನ್ನೂ ಸೇರಿಸಿ ಎಂಟನೆಯದನ್ನು ಬಿಗಿಯುವಾಗ ಕೈ ನಿಂತಿತು.

ಅಧಿಕ ಮೂರು ವರ್ಷಕ್ಕೊಮ್ಮೆ ಬರುತ್ತದೆ. ತಿಪ್ಪವ್ವ ಬಸುರಿಯಾದ ವರ್ಷವೂ ಬಂದಿತ್ತು. ಆಗಲೂ ಇಂಥದೇ ಒಂದು ಎಳೆ ಮಗ್ಗದ ಗೂಟಕ್ಕಿತ್ತು, ಆಗಲೂ ಆ ಅಮಾವಾಸ್ಯೆಗೆ ನಾನು ಗಂಟು ಹಾಕಿರಲಿಲ್ಲ. ಎಂಟು ನಡೆಯುತ್ತಿದೆ ಎಂದು ನಾನು ಗಜೇಂದ್ರಗಡದಲ್ಲಿ ಮದುವೆಯ ಸೀರೆಗೆ ಅಂಚು ನೇಯುತ್ತ ಕೂತಿದ್ದಾಗ ಅವಳಿಗೆ ಒಂಬತ್ತು ತುಂಬುತ್ತಿತ್ತು. ಅಪ್ಪ ಇಂದು ಬಂದಾನು, ನಾಳೆ ಬಂದಾನು ಎಂದು ಅವಳು ಆ ಓಣಿಯ ತಿರುವು ನೋಡಿರಬೇಕು. ಕೂಸು ಪೂರಾ ತುಂಬಿದೆ, ತಲೆತುಂಬ ಕೂದಲಿದೆ. ಹನಮಂತಪ್ಪ ಹೇಳಿದ್ದು ಸತ್ಯ. ಒಳಗೆ ಹೋಗಿ ಒಮ್ಮೆ ಕೂಸನ್ನು ನೋಡಿದ್ದರೆ ನನಗೇ ತಿಳಿಯುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮೂರು ವರ್ಷ ಅದನ್ನೇ ಅಂದಿದ್ದೆ.

ತವರಿಗೆ ಬಂದಿದ್ದರೆ ಬದುಕುತ್ತಿದ್ದಳೇ? ಗೊತ್ತಿಲ್ಲ. ಹೆಣ್ಣುಮಕ್ಕಳು ತವರಿನಲ್ಲೂ ಸಾಯುತ್ತಾರೆ. ಆದರೆ ಕರೆಯಲು ಬಾರದವನು ನಾನು, ಬೈಸಿಕೊಂಡವನು ಅವನು. ಅದುವರೆಗೆ ಮುಂದೆ ಹೋಗಬೇಕೆಂದು ಒದ್ದಾಡುತ್ತಿದ್ದೆ. ಈಗ ಗಾಲಿ ಕೂಡಿದರೆ ಮುಂದೆಯೂ ಹೋಗಬೇಕು, ಹಿಂದೆಯೂ ಬರಬೇಕು, ಬರುವ ದಾರಿಯಲ್ಲಿ ರೋಣ ಇದೆ ಎಂಬುದು ನೆನಪಾಗಿ ಮತ್ತೆ ಎದ್ದು ತಿರುಗಾಡಿದೆ. ಗಿಡದಿಂದ ಬಾವಿಗೆ, ಬಾವಿಯಿಂದ ಗಿಡಕ್ಕೆ. ಲಾಳಿ ಈ ಸಲ ನನ್ನ ಹಿಂದೆ ಬರಲಿಲ್ಲ, ಬಂಡಿಯ ಕೆಳಗೆ ಮಲಗಿ ನೋಡುತ್ತಿತ್ತು.

ಮರುದಿನ ಬೆಳಿಗ್ಗೆ ದ್ಯಾಮಪ್ಪ ಹೇಳಿದಂತೆ ಕುಳ್ಳು ಸುತ್ತುಗಟ್ಟಿ ಒಟ್ಟಿ ಬೆಂಕಿ ಇಟ್ಟ. ಹಳಿ ಕೆಂಪಗಾಯಿತು. ಮೂವರು ಇಕ್ಕಳ ಹಿಡಿದು ತಂದು ಗಾಲಿಯ ಮೇಲೆ ಕೂಡಿಸಿದರು, ಕಟ್ಟಿಗೆ ಹೊತ್ತಿಕೊಂಡು ಹೊಗೆ ಎದ್ದಿತು, ನಾನು ಕೊಡದ ಮೇಲೆ ಕೊಡ ನೀರು ಹೊಯ್ದೆ. ಹಳಿ ಬಿಗಿಯುವಾಗ ಅರಗಳೆಲ್ಲ ಟಕಟಕ ಎಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಇನ್ನು ಹತ್ತು ವರ್ಷ ನೋಡುವುದು ಬೇಡ ಎಂದ ದ್ಯಾಮಪ್ಪ. ಅವನ ಮೇಲೆ ಕೂಗಾಡಿದ್ದಕ್ಕೆ ತಪ್ಪಾಯಿತು ಎನ್ನಬೇಕೆಂದಿದ್ದೆ. ಆ ಮಾತು ಹೇಳಿ ಅಭ್ಯಾಸವಿಲ್ಲದ ಬಾಯಿ, ಎತ್ತು ಕಟ್ಟುತ್ತೇನೆ ಎಂದಿತು.

ಕೊಣ್ಣೂರಿನಲ್ಲಿ ಮಾಸುಮಬಿ ಹೇಳಿದಂತೆಯೇ ಆಯಿತು. ಬೀಗಿತಿ ಬಾಗಿಲಲ್ಲೇ ಎದುರುಗೊಂಡು, ಸರಿಯಾದ ದಿನ ಎಣಿಸಿಕೊಂಡೇ ಬಂದಿದ್ದೀರಿ, ನಿನ್ನೆ ಬಂದಿದ್ದರೆ ಕಳಿಸುತ್ತಿರಲಿಲ್ಲ ಎಂದು ಹೊಗಳಿದಳು. ನಾನು ತಿರುಗಿ ಎತ್ತು ಬಿಚ್ಚಲು ಹೋದೆ. ಮಾಯವ್ವ ಹಿತ್ತಿಲಿನಿಂದ ಬಂದವಳು ಮೊದಲು ಮಾತಾಡಿಸಿದ್ದು ನನ್ನನ್ನಲ್ಲ, ಲಾಳಿಯನ್ನು. ಮರುದಿನ ಹೊತ್ತು ಹುಟ್ಟುವ ಮೊದಲೇ ಹಸಿರು ಸೀರೆ ಉಡಿಸಿ ಕೌದಿಯ ಮೇಲೆ ಕೂಡಿಸಿದರು, ಹೊರಟೆವು.

ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡೆ. ಶಿರೋಳ ದಾಟಿದಮೇಲೆ ಹೇಳುತ್ತೇನೆ ಎಂದುಕೊಂಡೆ, ಮುಂದಿನ ಹಳ್ಳ ದಾಟಿದಮೇಲೆ ಎಂದುಕೊಂಡೆ. ಅಪ್ಪ ಯಾಕೆ ಬಯ್ಯುತ್ತಿಲ್ಲ, ಮೈಯಲ್ಲಿ ಹುಷಾರಿಲ್ಲವೇ ಎಂದು ಅವಳೇ ಕೇಳಿದಳು. ಎತ್ತಿಗೆ ಬೈದು ತೋರಿಸಿದೆ.

ರೋಣ ಬಂದಾಗ ಹೊತ್ತು ಇಳಿದಿತ್ತು. ಹನಮಂತಪ್ಪನ ಓಣಿಯ ತಿರುವಿನಲ್ಲಿ ಲಾಳಿ ಬಂಡಿಯ ಕೆಳಗಿನಿಂದ ಹೊರಗೆ ಬಂತು. ಅಲ್ಲಿಯೇ ನಿಂತು, ಹೆಂಟೆಗಾಗಿ ನನ್ನ ಕೈ ನೋಡಿತು. ನಾನು ಹಗ್ಗ ಜಗ್ಗಿ ಎತ್ತುಗಳನ್ನು ಆ ಓಣಿಗೆ ತಿರುಗಿಸಿದೆ. ಹಿಂದಿನಿಂದ ಮಾಯವ್ವ ನನ್ನ ಭುಜ ಹಿಡಿದಳು.

ಅಂಗಳದಲ್ಲಿ ನೀಲಿ ನೂಲು ಒಣ ಹಾಕಿದ್ದರು. ಹನಮಂತಪ್ಪ ಅದನ್ನು ತಿರುವಿ ಹಾಕುತ್ತಿದ್ದ, ಮೊಣಕೈ ತನಕ ನೀಲಿ. ಮೂರು ವರ್ಷದಲ್ಲಿ ಮುದುಕನಾಗಿದ್ದ. ನನ್ನನ್ನು ಕಂಡು ಕೈಯಲ್ಲಿದ್ದ ನೂಲನ್ನು ಹಾಗೆಯೇ ಹಿಡಿದು ನಿಂತ. ಮತ್ತೆ ಬಯ್ಯಲು ಬಂದೆ ಎಂದುಕೊಂಡಿರಬೇಕು. ನಾನು ಬಂಡಿಯಿಂದ ಇಳಿದು, ಮೂರು ವರ್ಷದ ಹಿಂದೆ ಎಲ್ಲಿ ನಿಂತು ಕೂಗಾಡಿದ್ದೆನೋ ಅಲ್ಲಿಯೇ ನಿಂತೆ. ಆಚೀಚೆ ಮನೆಯವರು ಬಾಗಿಲಿಗೆ ಬಂದರು. ಬರಲಿ, ಅಂದೂ ಅವರು ಇದ್ದರು.

"ಬೀಗರ, ತಪ್ಪು ನಂದು," ಎಂದೆ. "ಅಧಿಕ ತಿಂಗಳಾ ನಾ ಎಣಿಸಿರಲಿಲ್ಲ. ತಿಪ್ಪವ್ವಗ ಒಂಬತ್ತು ತುಂಬಿತ್ತು. ಕರಿಯಾಕ ಬರಬೇಕಾದಾಂವ ನಾ ಬರಲಿಲ್ಲ."

ಹನಮಂತಪ್ಪ ನೂಲನ್ನು ಗಳುವಿನ ಮೇಲೆ ಹಾಕಿ, ಎಳೆ ಸರಿಮಾಡಿದ. ಬಹಳ ಹೊತ್ತು ಸರಿಮಾಡಿದ.

"ನನಗ ಅವತ್ತ ಗೊತ್ತಿತ್ರಿ," ಎಂದ.

ಗೊತ್ತಿದ್ದರೆ ಅಷ್ಟು ಜನರ ಮುಂದೆ ಏಕೆ ಹೇಳಲಿಲ್ಲ, ಮೂರು ವರ್ಷ ಕೊಲೆಗಾರ ಎನ್ನಿಸಿಕೊಂಡು ಏಕೆ ಕೂತಿರಿ ಎಂದು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ.

"ನಿಮ್ಮ ಮಗಳು ಅಂಗಳದಾಗ ಮಲಗಿದ್ದಳು. ಲೆಕ್ಕಾ ನಿಮ್ಮದ ತಪ್ಪೈತಿ ಅಂತ ಆಗ ಹ್ಯಾಂಗ ಹೇಳಲಿ? ನಿಮಗ ಬಯ್ಯಾಕರ ಒಬ್ಬಾಂವ ಬೇಕಾಗಿದ್ದಾ. ಇರ್ಲಿ ಬಿಡು ಅಂದೆ."

ನಾನು ಹೋಗಿ ಅವನ ಕಟ್ಟೆಯ ಮೇಲೆ ಕೂತೆ. ಮಾಯವ್ವನನ್ನು ಹೆಂಗಸರು ಬಂಡಿಯಿಂದ ಇಳಿಸಿಕೊಂಡು ಒಳಗೆ ಕರೆದುಕೊಂಡು ಹೋದರು. ಒಳಗಿನಿಂದ ಒಂದು ಪುಟ್ಟ ಹುಡುಗಿ ಹೊರಗೆ ಬಂತು. ನನ್ನತ್ತ ನೋಡಲೂ ಇಲ್ಲ, ನೆಟ್ಟಗೆ ಲಾಳಿಯ ಹತ್ತಿರ ಹೋಗಿ ಎರಡೂ ಕೈಯಿಂದ ಅದರ ಬೆನ್ನು ಸವರಿತು. ಅಂಗೈ ಕರ್ರಗಾದದ್ದನ್ನು ಕಂಡು ಹೌಹಾರಿ ಸುತ್ತಲೂ ನೋಡಿ, ಕೊನೆಗೆ ಹತ್ತಿರ ಕೂತಿದ್ದ ನನ್ನ ಧೋತರಕ್ಕೆ ಒರೆಸಿಕೊಂಡಿತು. ತಲೆತುಂಬ ಕೂದಲಿತ್ತು. ಹೆಸರೇನು ಎಂದು ಕೇಳಿದೆ. ತಿಪ್ಪವ್ವ ಎಂದಿತು.

ಆ ರಾತ್ರಿ ಬಂಡಿ ರೋಣದಲ್ಲೇ ನಿಂತಿತು. ಗಾಲಿಗೆ ಏನೂ ಆಗಿರಲಿಲ್ಲ.